ಗುಣವೆಂದರೆ ಸ್ವಭಾವವೇ, ವಾಸಿಯಾಗುವುದೇ? ಆಟಿಸಂ ಚಿಕಿತ್ಸೆಯ ವಾದವನ್ನು ಬಿಡಿಸಿ ನೋಡಿದರೆ

ಕನ್ನಡದಲ್ಲಿ ‘ಗುಣ’ ಎಂಬ ಒಂದೇ ಪದಕ್ಕೆ ಎರಡು ಅರ್ಥಗಳಿವೆ. ಮನುಷ್ಯನ ಸ್ವಭಾವವೂ ಗುಣವೇ, ಬಂದ ಕಾಯಿಲೆ ವಾಸಿಯಾಗುವುದೂ ಗುಣವೇ. ಕಲಬುರಗಿಯಲ್ಲಿ ಮಗುವಿಗೆ ಆಟಿಸಂ ಇದೆಯೆಂದು ತಿಳಿದ ದಿನ ತಂದೆತಾಯಿ ವೈದ್ಯರ ಎದುರು ಕುಳಿತು ಮೊದಲು ಕೇಳುವುದು, “ಇದು ಗುಣ ಆಗ್ತದೇನ್ರಿ?” ಎಂದು. ಮನೆಗೆ ಮರಳಿದಾಗ ಅಜ್ಜಿ ಅದೇ ಪದವನ್ನು ಬೇರೆ ಅರ್ಥದಲ್ಲಿ ಬಳಸುತ್ತಾಳೆ: “ಅವನ ಗುಣಾನೇ ಹಂಗದ ಬಿಡ್ರಿ, ಅವರಪ್ಪನೂ ನಾಕು ವರ್ಷಕ್ಕ ಮಾತಾಡ್ಯಾನ.” ಆಟಿಸಂ ಅನ್ನು ಚಿಕಿತ್ಸೆಯಿಂದ ಹೋಗಲಾಡಿಸಲು ಸಾಧ್ಯವೇ, ಸಾಧ್ಯವಿದ್ದರೂ ಹೋಗಲಾಡಿಸಬೇಕೇ ಎಂದು ಮೂರು ದಶಕಗಳಿಂದ ಜಗತ್ತಿನ ಹಲವೆಡೆ ನಡೆಯುತ್ತಿರುವ ವಾದ ಈ ಎರಡು ಗುಣಗಳ ನಡುವಿನ ಜಗ್ಗಾಟವೇ ಆಗಿದೆ.

ನನ್ನ ಅಣ್ಣನ ಮಗನಿಗೆ ಈಗ 16 ವರ್ಷ. ಮೂರು ವರ್ಷದವನಿದ್ದಾಗ ಅವನಿಗೆ ಆಟಿಸಂ ಇದೆಯೆಂದು ಗೊತ್ತಾಯಿತು. ಸೇಡಂ ರಸ್ತೆಯ ಆ ಮನೆಯಲ್ಲಿ ನಾನು ಇಷ್ಟು ವರ್ಷ ಕಂಡದ್ದು ಮತ್ತು ಅದನ್ನು ಅರ್ಥ ಮಾಡಿಕೊಳ್ಳಲು ಓದಿದ್ದು ಸೇರಿ ಒಂದು ಅಭಿಪ್ರಾಯ ಬೆಳೆದಿದೆ. ‘ಆಟಿಸಂಗೆ ಚಿಕಿತ್ಸೆ ಬೇಕೇ’ ಎಂಬ ಪ್ರಶ್ನೆಗೆ ಹೌದು ಎಂದರೂ ತಪ್ಪಾಗುತ್ತದೆ, ಬೇಡ ಎಂದರೂ ತಪ್ಪಾಗುತ್ತದೆ. ಏಕೆಂದರೆ ಆ ಒಂದು ಪ್ರಶ್ನೆಯೊಳಗೆ ನಾಲ್ಕೈದು ಬೇರೆ ಬೇರೆ ಪ್ರಶ್ನೆಗಳು ಗಂಟುಬಿದ್ದಿವೆ, ಮತ್ತು ಒಂದಕ್ಕೆ ಸರಿಹೊಂದುವ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೊದಲು ಆಟಿಸಂ ಎಂದರೇನು ಎಂಬುದನ್ನು ಹೇಳಬೇಕು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮನೋವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳನ್ನು ವರ್ಣಿಸಿ ಒಂದು ಲೇಖನ ಪ್ರಕಟಿಸಿದರು. ಜನರೊಂದಿಗೆ ಬೆರೆಯದೆ ವಸ್ತುಗಳೊಂದಿಗೆ ಗಂಟೆಗಟ್ಟಲೆ ಕಳೆಯುವುದು, ಮಾತು ಬಾರದಿರುವುದು ಅಥವಾ ಕೇಳಿದ್ದನ್ನೇ ಮರಳಿ ಹೇಳುವುದು, ದಿನಚರಿ ಕೊಂಚ ಬದಲಾದರೂ ತಾಳಲಾರದೆ ಕಂಗೆಡುವುದು ಆ ಮಕ್ಕಳೆಲ್ಲರಲ್ಲೂ ಕಂಡ ಲಕ್ಷಣಗಳಾಗಿದ್ದವು. ಇಂದಿನ ವ್ಯಾಖ್ಯಾನವೂ ಮೂಲತಃ ಅದೇ. ಸಾಮಾಜಿಕ ಒಡನಾಟ ಮತ್ತು ಸಂವಹನದಲ್ಲಿ ತೊಡಕು ಒಂದು ಕಡೆ, ಪುನರಾವರ್ತನೆಯ ವರ್ತನೆ, ಸೀಮಿತ ಆಸಕ್ತಿ ಹಾಗೂ ಶಬ್ದ, ಬೆಳಕು, ಸ್ಪರ್ಶಗಳಿಗೆ ಅತಿಯಾದ ಅಥವಾ ತೀರಾ ಕಡಿಮೆಯಾದ ಪ್ರತಿಕ್ರಿಯೆ ಇನ್ನೊಂದು ಕಡೆ. ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿ 2013ರಲ್ಲಿ ಆಸ್ಪರ್ಜರ್ ಮೊದಲಾದ ಬೇರೆ ಬೇರೆ ಹೆಸರುಗಳನ್ನು ಕೈಬಿಟ್ಟು ಎಲ್ಲವನ್ನೂ ‘ಆಟಿಸಂ ಸ್ಪೆಕ್ಟ್ರಂ’ ಎಂಬ ಒಂದೇ ಹೆಸರಿನ ಕೆಳಗೆ ತಂದಿತು. ಇದರಿಂದ ಅನುಕೂಲವೂ ಆಯಿತು, ಗೊಂದಲವೂ ಆಯಿತು. ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಬರೆಯುವ, ಆದರೆ ಮದುವೆ ಮನೆಯ ಗದ್ದಲದಲ್ಲಿ ನಿಲ್ಲಲಾರದ ಯುವಕನಿಗೂ, ಹತ್ತು ವರ್ಷವಾದರೂ ಒಂದು ಮಾತನ್ನೂ ಆಡದೆ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುವ ಚಿತ್ತಾಪುರದ ಬಾಲಕಿಗೂ ಈಗ ಒಂದೇ ಹೆಸರು. ಚಿಕಿತ್ಸೆಯ ವಾದದಲ್ಲಿ ಎರಡು ಪಕ್ಷದವರು ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳದಿರುವುದಕ್ಕೆ ಇದೇ ದೊಡ್ಡ ಕಾರಣವೆಂದು ನನಗೆ ತೋರುತ್ತದೆ. ಒಬ್ಬರ ಮನಸ್ಸಿನಲ್ಲಿ ಆ ಯುವಕನಿದ್ದಾನೆ, ಇನ್ನೊಬ್ಬರ ಮನಸ್ಸಿನಲ್ಲಿ ಈ ಬಾಲಕಿಯಿದ್ದಾಳೆ.

ಆಟಿಸಂ ಅನ್ನು ಪತ್ತೆ ಮಾಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವನ್ನು ಗಮನಿಸಿ, ತಾಯ್ತಂದೆಯರನ್ನು ಕೇಳಿಯೇ ತೀರ್ಮಾನಿಸಬೇಕು. ನಮ್ಮ ದೇಶದಲ್ಲಿ ಇದರ ತೀವ್ರತೆಯನ್ನು ಅಳೆಯಲು 40 ಅಂಶಗಳ ‘ಇಸಾ’ ಎಂಬ ಭಾರತೀಯ ಮಾಪಕವಿದೆ. ಅದರಲ್ಲಿ 70 ಅಥವಾ ಅದಕ್ಕೂ ಹೆಚ್ಚು ಅಂಕ ಬಂದರೆ ಆಟಿಸಂ ಎಂದು ಪರಿಗಣಿಸುತ್ತಾರೆ. ಇನ್ನು ಕಾರಣದ ವಿಷಯ. 2019ರಲ್ಲಿ ಐದು ದೇಶಗಳ 20 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವು ಆಟಿಸಂನಲ್ಲಿ ಅನುವಂಶೀಯತೆಯ ಪಾಲು ಶೇ 80ರಷ್ಟು ಎಂದು ಅಂದಾಜಿಸಿದೆ. ಹೀಗೆಂದರೆ ಒಂದೇ ಒಂದು ವಂಶವಾಹಿ ಕೆಟ್ಟಿದೆ ಎಂದಲ್ಲ. ನೂರಾರು ವಂಶವಾಹಿಗಳ ಸಣ್ಣ ಸಣ್ಣ ಪ್ರಭಾವಗಳು ಕೂಡಿ, ಮಗು ಗರ್ಭದಲ್ಲಿದ್ದಾಗಲೇ ಮಿದುಳು ಬೇರೊಂದು ಬಗೆಯಲ್ಲಿ ಬೆಳೆಯತೊಡಗಿರುತ್ತದೆ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 1950 ಮತ್ತು 60ರ ದಶಕಗಳಲ್ಲಿ, ತಾಯಿಯ ಪ್ರೀತಿ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತು ಎಂಬ ವಾದ ಅಮೆರಿಕದಲ್ಲಿ ಪ್ರಬಲವಾಗಿತ್ತು. ಬ್ರೂನೋ ಬೆಟೆಲ್‌ಹೈಮ್ ಅದರ ಮುಖ್ಯ ಪ್ರಚಾರಕರಾಗಿದ್ದರು. ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಅದನ್ನು ಅಲ್ಲಗಳೆದರು. ಅಲ್ಲಿ ಆ ವಾದ ಸತ್ತು ಬಹಳ ಕಾಲವಾಯಿತು, ಆದರೆ ನಮ್ಮಲ್ಲಿ ಅದು ವೇಷ ಬದಲಿಸಿಕೊಂಡು ತಿರುಗಾಡುತ್ತಿದೆ. “ತಾಯಿ ಮೊಬೈಲ್ ಕೊಟ್ಟು ಕೂಡಿಸ್ಯಾಳ”, “ಬಸುರಿದ್ದಾಗ ಗ್ರಹಣ ನೋಡ್ಯಾಳ”, “ಆಕೀ ತವರುಮನಿ ಕಡೀದು” ಎಂಬ ಮಾತುಗಳನ್ನು ನನ್ನ ಅತ್ತಿಗೆ ಒಂದೇ ವಾರದಲ್ಲಿ ಕೇಳಿದ್ದಾಳೆ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತಿನ ಮೂಲ 1998ರಲ್ಲಿ 12 ಮಕ್ಕಳ ಬಗ್ಗೆ ಬಂದ ಒಂದು ಲೇಖನ. ಅದನ್ನು ಪ್ರಕಟಿಸಿದ್ದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಎರಡು ಪಕ್ಷಗಳು

ಚಿಕಿತ್ಸೆ ಬೇಕೇ ಬೇಕು ಎನ್ನುವವರ ಕಥೆ 1987ರಲ್ಲಿ ಗಟ್ಟಿಯಾಗುತ್ತದೆ. ಆ ವರ್ಷ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಐವಾರ್ ಲೋವಾಸ್ ತಮ್ಮ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. 19 ಪುಟ್ಟ ಮಕ್ಕಳಿಗೆ ವಾರಕ್ಕೆ 40 ಗಂಟೆಗಳಂತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತರಬೇತಿ ಕೊಡಲಾಯಿತು. ಪ್ರತಿಯೊಂದು ಕೌಶಲವನ್ನೂ ಸಣ್ಣ ಸಣ್ಣ ತುಂಡುಗಳನ್ನಾಗಿ ಒಡೆದು, ಸರಿ ಮಾಡಿದಾಗ ಬಹುಮಾನ ಕೊಟ್ಟು ಕಲಿಸುವ ಆ ವಿಧಾನವನ್ನು ಇಂದು ಎಬಿಎ ಎಂದು ಕರೆಯುತ್ತಾರೆ. 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಬುದ್ಧಿಮಟ್ಟ ತಲುಪಿ ಸಾಮಾನ್ಯ ಶಾಲೆಯ ಒಂದನೇ ತರಗತಿ ಮುಗಿಸಿದರು ಎಂಬ ವರದಿ ಜಗತ್ತಿನ ಪೋಷಕರಲ್ಲಿ ದೊಡ್ಡ ಆಸೆ ಹುಟ್ಟಿಸಿತು. ಆದರೆ ಆ ಪ್ರಯೋಗದಲ್ಲಿ ಯಾವ ಮಗು ಈ ತರಬೇತಿಯ ಗುಂಪಿಗೆ, ಯಾವುದು ಹೋಲಿಕೆಯ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿರಲಿಲ್ಲ, ಹಾಗಾಗಿ ಫಲ ತರಬೇತಿಯದೇ ಎಂದು ಖಚಿತವಾಗಿ ಹೇಳಲಾಗದು. ಮಕ್ಕಳು ತಪ್ಪಿದಾಗ ಗಟ್ಟಿಯಾಗಿ ಗದರಿಸುವುದು, ಒಮ್ಮೊಮ್ಮೆ ತೊಡೆಗೆ ಹೊಡೆಯುವುದು ಕೂಡ ಆ ಪದ್ಧತಿಯ ಭಾಗವಾಗಿತ್ತು. ಈಗಿನ ಎಬಿಎ ಬಹುಪಾಲು ಆ ದಂಡನೆಯನ್ನು ಬಿಟ್ಟಿದೆ. ಆಟದ ನಡುವೆಯೇ ಕಲಿಸುವ ಮೃದು ರೂಪಗಳೂ ಬಂದಿವೆ. ಆದರೂ ಮೂಲದ ಒಂದು ಊಹೆ ಹಾಗೇ ಉಳಿದಿದೆ ಎಂಬುದು ವಿಮರ್ಶಕರ ದೂರು: ಉಳಿದ ಮಕ್ಕಳ ನಡುವೆ ನಿಲ್ಲಿಸಿದರೆ ಗುರುತು ಸಿಗದಂತಾಗುವುದೇ ಯಶಸ್ಸು ಎಂಬ ಊಹೆ.

ಎದುರು ಪಕ್ಷ ಹುಟ್ಟಿದ್ದು ಆಟಿಸಂ ಇರುವವರಿಂದಲೇ. 1993ರಲ್ಲಿ ಜಿಮ್ ಸಿಂಕ್ಲೇರ್ ಎಂಬ ಆಟಿಸಂ ಇರುವ ವ್ಯಕ್ತಿ ಪೋಷಕರ ಸಭೆಯೊಂದರಲ್ಲಿ ಆಡಿದ ಮಾತಿನ ತಿರುಳು ಹೀಗಿತ್ತು: ಆಟಿಸಂ ಎಂಬುದು ನಿಮ್ಮ ಮಗುವಿನ ಮೇಲೆ ಹೊದಿಸಿದ ಚಿಪ್ಪಲ್ಲ, ಅದನ್ನು ಒಡೆದರೆ ಒಳಗೆ ಬೇರೊಂದು ಸಾಮಾನ್ಯ ಮಗು ಅಡಗಿ ಕುಳಿತಿಲ್ಲ; ನಮ್ಮ ಮಗುವಿಗೆ ಆಟಿಸಂ ಇಲ್ಲದಿದ್ದರೆ ಚೆನ್ನಾಗಿತ್ತು ಎಂದು ನೀವು ಹೇಳಿದಾಗ, ಈ ಮಗುವಿನ ಬದಲು ಬೇರೊಂದು ಮಗು ಇದ್ದರೆ ಚೆನ್ನಾಗಿತ್ತು ಎಂದೇ ನಮಗೆ ಕೇಳಿಸುತ್ತದೆ. ಅದೇ ದಶಕದ ಕೊನೆಗೆ ‘ನ್ಯೂರೋಡೈವರ್ಸಿಟಿ’ ಎಂಬ ಪದ ಬಳಕೆಗೆ ಬಂತು. ನರವೈವಿಧ್ಯ ಎಂದು ಅದನ್ನು ಕನ್ನಡಕ್ಕೆ ತರಬಹುದು. ನಮ್ಮ ಕಡೆ ನರ ಎಂದೊಡನೆ ಬಸ್ ನಿಲ್ದಾಣದ ಗೋಡೆಯ ಮೇಲಿನ ‘ನರದೌರ್ಬಲ್ಯ’ದ ಜಾಹೀರಾತು ನೆನಪಾಗುವುದರಿಂದ ನಾನು ಮೂಲಪದವನ್ನೇ ಬಳಸುತ್ತೇನೆ. ಮಿದುಳುಗಳು ನಾನಾ ಬಗೆಯವು, ಆಟಿಸಂ ಅವುಗಳಲ್ಲೊಂದು ಬಗೆ, ತೊಂದರೆ ಬರುವುದು ಬೇರೆ ಬಗೆಯ ಮಿದುಳುಗಳಿಗಾಗಿ ಕಟ್ಟಿದ ಲೋಕದಲ್ಲಿ ಬದುಕಬೇಕಾದಾಗ ಎಂಬುದು ಆ ಚಿಂತನೆಯ ಸಾರ. 2012ರಲ್ಲಿ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಆಟಿಸಂ ಇರುವವರು ಇತರರನ್ನು ಅರ್ಥ ಮಾಡಿಕೊಳ್ಳುವುದಿಲ್ಲ ಎಂಬುದು ಅರ್ಧ ಸತ್ಯ ಮಾತ್ರ. ಇತರರೂ ಅವರನ್ನು ಅರ್ಥ ಮಾಡಿಕೊಳ್ಳುವುದಿಲ್ಲ, ಆದರೆ ದೋಷವನ್ನು ಒಬ್ಬರ ಮೇಲೆ ಮಾತ್ರ ಹೊರಿಸುತ್ತೇವೆ ಎಂದು ಅವರು ವಾದಿಸಿದರು.

ಈ ವಾದಕ್ಕೆ ಪೋಷಕರ ಪ್ರತಿವಾದ ಕಟುವಾಗಿಯೇ ಇದೆ, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ವೇದಿಕೆ ಏರಿ ತನ್ನ ಆಟಿಸಂ ಬಗ್ಗೆ ಮಾತಾಡಬಲ್ಲ ವ್ಯಕ್ತಿ ಮಾತೇ ಬಾರದ ನನ್ನ ಮಗಳ ಪರವಾಗಿ ಹೇಗೆ ಮಾತಾಡುತ್ತಾನೆ ಎಂದು ಅವರು ಕೇಳುತ್ತಾರೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ನೇಮಿಸಿದ್ದ ತಜ್ಞರ ಆಯೋಗವು ಇಂಥವರಿಗಾಗಿ ‘ತೀವ್ರತಮ ಆಟಿಸಂ’ ಎಂಬ ಬೇರೆ ಹೆಸರನ್ನು ಸೂಚಿಸಿತು. ದಿನದ 24 ಗಂಟೆಯೂ ದೊಡ್ಡವರೊಬ್ಬರು ಹತ್ತಿರವಿರಬೇಕಾದ, ಮಾತು ಇಲ್ಲದ ಅಥವಾ ಅತಿ ಕಡಿಮೆಯಿರುವ, ಇಲ್ಲವೇ ಬುದ್ಧಿಮಟ್ಟ 50ಕ್ಕಿಂತ ಕೆಳಗಿರುವವರಿಗೆ ಆ ಹೆಸರು. ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಆಟಿಸಂ ಇರುವ 8 ವರ್ಷದ ಮಕ್ಕಳಲ್ಲಿ ಶೇ 26.7ರಷ್ಟು ಮಂದಿ ಈ ವರ್ಗಕ್ಕೆ ಸೇರುತ್ತಾರೆ. ನೂರರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಎಂದರೆ ಅಂಚಿನಲ್ಲಿರುವ ಕೆಲವರು ಎಂದು ಬದಿಗಿಡುವ ಸಂಖ್ಯೆ ಅಲ್ಲ.

ಹಲ್ಲುನೋವಿನ ಪಾಠ

ಅಣ್ಣನ ಮಗ ಏಳು ವರ್ಷದವನಿದ್ದಾಗ ಎರಡು ತಿಂಗಳ ಕಾಲ ಪ್ರತಿ ರಾತ್ರಿ ಕಿರುಚುತ್ತಿದ್ದ. ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ, ತಾಟಿನಲ್ಲಿಟ್ಟ ಜೋಳದ ರೊಟ್ಟಿಯನ್ನು ಎಸೆಯುತ್ತಿದ್ದ. ಒಬ್ಬ ವೈದ್ಯರು ಅವನನ್ನು ಐದು ನಿಮಿಷ ನೋಡಿ, ಆಟಿಸಂ ಇರುವವರು ಹೀಗೇ ಎಂದು ಹೇಳಿ ಶಾಂತಗೊಳಿಸುವ ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಹಗಲೆಲ್ಲ ಮಂಕಾದನೇ ಹೊರತು ರಾತ್ರಿಯ ಕಿರುಚಾಟ ನಿಲ್ಲಲಿಲ್ಲ. ಕೊನೆಗೆ ಅವನಿಗೆ ಅನ್ನ ಕಲಸಿ ಉಣಿಸುತ್ತಿದ್ದ ಅತ್ತಿಗೆ, ಎಡಗಡೆ ಮಾತ್ರ ಅವನು ಅಗಿಯುತ್ತಿಲ್ಲ ಎಂಬುದನ್ನು ಗಮನಿಸಿದಳು. ಮೊಬೈಲಿನ ಬೆಳಕು ಹಿಡಿದು ನೋಡಿದರೆ ಕೆಳಗಿನ ದವಡೆ ಹಲ್ಲು ಹುಳುಕು ಹಿಡಿದು ಒಸಡು ಬಾತಿತ್ತು. ಹಲ್ಲು ತೆಗೆಸಿದ ನಾಲ್ಕನೆಯ ದಿನ ಅವನು ರಾತ್ರಿಯಿಡೀ ಮಲಗಿದ.

ಆ ಎರಡು ತಿಂಗಳಲ್ಲಿ ಚಿಕಿತ್ಸೆ ಬೇಕಾಗಿತ್ತೇ? ಖಂಡಿತ ಬೇಕಾಗಿತ್ತು, ಆದರೆ ಆಟಿಸಂಗಲ್ಲ, ಹಲ್ಲಿಗೆ. ಆಟಿಸಂ ಇರುವವರ ಸಂಕಟಗಳಲ್ಲಿ ದೊಡ್ಡ ಪಾಲು ಆಟಿಸಂ ಅಲ್ಲದ, ಆದರೆ ಅದರ ಜೊತೆಗೆ ಬರುವ ಅಥವಾ ಅದರ ಹೆಸರಿನಡಿ ಮುಚ್ಚಿಹೋಗುವ ತೊಂದರೆಗಳದ್ದು. ಮೂರ್ಛೆರೋಗ ಇವರಲ್ಲಿ ಉಳಿದವರಿಗಿಂತ ಬಹಳ ಹೆಚ್ಚು. ಅದಕ್ಕೆ ಒಳ್ಳೆಯ ಔಷಧಗಳಿವೆ. ನಿದ್ದೆ ಬಾರದಿರುವುದು, ಮಲಬದ್ಧತೆ, ಆತಂಕ, ಖಿನ್ನತೆ ಇವೆಲ್ಲವೂ ಹೆಚ್ಚು, ಇವುಗಳಿಗೂ ಪರಿಹಾರವಿದೆ. ಇವುಗಳಿಗೆ ಚಿಕಿತ್ಸೆ ಬೇಡವೆಂದು ನ್ಯೂರೋಡೈವರ್ಸಿಟಿಯ ಕಟ್ಟಾ ಬೆಂಬಲಿಗರೂ ಹೇಳುವುದಿಲ್ಲ. ಇಲ್ಲಿ ವಾದವೇ ಇಲ್ಲ, ಆದರೂ ಕೆಲಸ ನಡೆಯುತ್ತಿಲ್ಲ ಎಂಬುದು ಬೇಸರದ ಸಂಗತಿ.

ಔಷಧದ ಬಗ್ಗೆ ಒಂದು ಸ್ಪಷ್ಟನೆ ಬೇಕು. ಆಟಿಸಂನ ಮೂಲ ಲಕ್ಷಣಗಳನ್ನು ಹೋಗಲಾಡಿಸುವ ಔಷಧ ಇಲ್ಲ. ರಿಸ್ಪೆರಿಡೋನ್ ಎಂಬ ಮಾತ್ರೆಗೆ 2006ರಲ್ಲಿ, ಅರಿಪಿಪ್ರಜೋಲ್ ಎಂಬುದಕ್ಕೆ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕೊಟ್ಟ ಅನುಮತಿ, ಆಟಿಸಂ ಇರುವ ಮಕ್ಕಳಲ್ಲಿ ಕಾಣುವ ತೀವ್ರ ಸಿಡುಕು, ಆಕ್ರಮಣ, ತನಗೆ ತಾನೇ ಗಾಯ ಮಾಡಿಕೊಳ್ಳುವ ವರ್ತನೆಗಳಿಗಾಗಿ. ಮಗು ತಲೆಯನ್ನು ಗೋಡೆಗೆ ಬಡಿದುಕೊಂಡು ರಕ್ತ ಬರಿಸಿಕೊಳ್ಳುತ್ತಿದ್ದರೆ ಇವು ನಿಜಕ್ಕೂ ನೆರವಾಗಬಲ್ಲವು. ತೂಕ ಏರುವುದು, ಮಂಪರು ಕವಿಯುವುದು ಇವುಗಳ ಅಡ್ಡ ಪರಿಣಾಮಗಳು. ಹೀಗಾಗಿ ನೋವು, ಹಸಿವು, ಗದ್ದಲ ಮುಂತಾದ ಕಾರಣಗಳನ್ನು ಹುಡುಕಿ ನೋಡಿದ ನಂತರವೇ ಇವುಗಳ ಸರದಿ ಬರಬೇಕು.

ನಿಜವಾದ ವಾದ ಉಳಿಯುವುದು ಸಂವಹನ ಮತ್ತು ವರ್ತನೆಯ ವಿಷಯದಲ್ಲಿ. ಮಾತು ಕಲಿಸುವುದು ಮಗುವಿನ ಸ್ವಭಾವವನ್ನು ಬದಲಿಸುವುದೇ? ನನಗೆ ಹಾಗೆ ಅನ್ನಿಸುವುದಿಲ್ಲ. ಆದರೆ ಏನನ್ನು, ಯಾರ ಅನುಕೂಲಕ್ಕೆ ಕಲಿಸುತ್ತೇವೆ ಎಂಬುದು ಮುಖ್ಯ. ಅಣ್ಣನ ಮಗನಿಗೆ ಮೊದಲ ಎರಡು ವರ್ಷ ನಡೆದ ತರಬೇತಿಯಲ್ಲಿ ‘ಕಣ್ಣಾಗ ಕಣ್ಣಿಟ್ಟು ನೋಡು’ ಎಂಬುದೇ ಬಹುಪಾಲು. ನೋಡಿದರೆ ಒಂದು ಬಿಸ್ಕತ್ತಿನ ಚೂರು. ಅವನು ಬಿಸ್ಕತ್ತಿಗಾಗಿ ನೋಡಲು ಕಲಿತ, ಬಿಸ್ಕತ್ತು ಮುಗಿದೊಡನೆ ಕಣ್ಣು ತಿರುಗಿಸಿದ. ಕಣ್ಣಿಗೆ ಕಣ್ಣು ಕೂಡಿಸುವುದು ತಮಗೆ ಹಿಂಸೆಯಾಗುತ್ತದೆ, ನೋಡುತ್ತಿರುವಾಗ ಎದುರಿನವರ ಮಾತು ಕಿವಿಗೆ ಬೀಳುವುದೇ ಇಲ್ಲ ಎಂದು ಆಟಿಸಂ ಇರುವ ಅನೇಕ ವಯಸ್ಕರು ಹೇಳಿದ್ದಾರೆ. ದೊಡ್ಡವರೆದುರು ತಲೆತಗ್ಗಿಸಿ ಮಾತಾಡುವುದನ್ನು ಮರ್ಯಾದೆ ಎಂದು ಕಲಿಸುವ ನಮ್ಮ ಊರಿನಲ್ಲಿ ಈ ಮಗುವಿಗೆ ಮಾತ್ರ ಕಣ್ಣೆತ್ತಿ ನೋಡಲು ಅಷ್ಟು ಒತ್ತಾಯವೇಕೆ ಎಂದು ನಾನು ಆಗ ಕೇಳಬೇಕಾಗಿತ್ತು, ಕೇಳಲಿಲ್ಲ.

ಬದಲಾವಣೆ ಬಂದದ್ದು ಚಿತ್ರದ ಕಾರ್ಡುಗಳಿಂದ. ಅತ್ತಿಗೆ ಹಳೆಯ ಲಗ್ನಪತ್ರಿಕೆಗಳ ದಪ್ಪ ಹಾಳೆ ಕತ್ತರಿಸಿ, ನೀರು, ರೊಟ್ಟಿ, ಸಂಡಾಸು, ಹೊರಗೆ, ಸಾಕು ಎಂಬ ಐದು ಕಾರ್ಡು ಮಾಡಿ ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದಳು. ಅವನು ಮೊದಲು ರೊಟ್ಟಿಯನ್ನೋ ಹೊರಗೆ ಹೋಗುವುದನ್ನೋ ಕೇಳುತ್ತಾನೆಂದು ನಾವೆಲ್ಲ ಅಂದುಕೊಂಡಿದ್ದೆವು. ಅವನು ಮೊದಲು ಎತ್ತಿಕೊಂಡದ್ದು ‘ಸಾಕು’ ಎಂಬ ಅಡ್ಡ ಅಂಗೈಯ ಚಿತ್ರವನ್ನು. ಮಿಕ್ಸರ್ ತಿರುಗುತ್ತಿದ್ದಾಗ ತಂದು ಅಜ್ಜಿಯ ಕೈಯಲ್ಲಿಟ್ಟ. ಅಜ್ಜಿ ಮಿಕ್ಸರ್ ನಿಲ್ಲಿಸಿದಳು. ಆಮೇಲೆ ಒಂದು ತಿಂಗಳು ಆ ಕಾರ್ಡು ಬಳಸಿ ಬಳಸಿ ಸವೆದುಹೋಯಿತು. ಬೇಡ ಎನ್ನಲು ಕಲಿತ ಮಗುವಿಗೆ ಕಿರುಚುವ ಅಗತ್ಯ ಕಡಿಮೆಯಾಗುತ್ತದೆ. ಹೇಳಿದ್ದನ್ನೆಲ್ಲ ಮಾಡು ಎಂದಷ್ಟೇ ಕಲಿಸಿದ ಮಗು, ಮುಂದೆ ಕೆಟ್ಟ ಉದ್ದೇಶದವರು ಹೇಳಿದ್ದನ್ನೂ ಮಾಡುತ್ತದೆ. ಎಬಿಎ ವಿಮರ್ಶಕರ ಈ ಒಂದು ಮಾತನ್ನು ಅದರ ಸಮರ್ಥಕರೂ ಈಗ ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದಾರೆ.

ತಂದೆತಾಯಿಯ ಮೂಲಕ ನಡೆಯುವ ಸಂವಹನ ತರಬೇತಿಗೆ ಒಳ್ಳೆಯ ಆಧಾರವಿದೆ. ಬ್ರಿಟನ್ನಿನ ‘ಪ್ಯಾಕ್ಟ್’ ಎಂಬ ವಿಧಾನದಲ್ಲಿ ಮಗುವನ್ನು ತಿದ್ದುವುದಿಲ್ಲ. ಮಗುವಿನೊಂದಿಗೆ ಪೋಷಕರು ಆಡುವುದನ್ನು ವಿಡಿಯೊ ಮಾಡಿ, ಅವರ ಜೊತೆಗೇ ಕುಳಿತು ನೋಡಿ, ಮಗು ಕೊಟ್ಟ ಸಣ್ಣ ಸನ್ನೆಯನ್ನು ಅವರು ಎಲ್ಲಿ ಗಮನಿಸಿದರು, ಎಲ್ಲಿ ಗಮನಿಸಲಿಲ್ಲ ಎಂದು ತೋರಿಸುತ್ತಾರೆ. ಅಂದರೆ ಮೊದಲು ಕಲಿಯಬೇಕಾದವರು ದೊಡ್ಡವರು. ಇದೇ ವಿಧಾನವನ್ನು ದಕ್ಷಿಣ ಏಷ್ಯಾಕ್ಕೆ ಹೊಂದಿಸಿ, ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಂದಿಗೆ ನಡೆಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಅಲ್ಲಿ ತರಬೇತಿ ಕೊಟ್ಟವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಪೋಷಕರು ಮಗುವಿನ ಸನ್ನೆಗೆ ಸ್ಪಂದಿಸುವುದು ಹೆಚ್ಚಿತು, ಮಗು ತಾನಾಗಿ ಸಂವಹನಕ್ಕೆ ಮುಂದಾಗುವುದೂ ಹೆಚ್ಚಿತು. ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನವಿಡುವ ಸಮಯ ಮಾತ್ರ ನಿರೀಕ್ಷೆಗೆ ವಿರುದ್ಧವಾಗಿ ಕಡಿಮೆಯಾಯಿತು. ಪ್ರಯೋಗ ಸಣ್ಣದು. ಆದರೆ ಗ್ರಾಮ ಪಂಚಾಯಿತಿಗೊಬ್ಬ ಪುನರ್ವಸತಿ ಕಾರ್ಯಕರ್ತ, ಊರಿಗೊಂದು ಅಂಗನವಾಡಿ ಇರುವ ನಮ್ಮ ಜಿಲ್ಲೆಗಳಿಗೆ ಇದರಷ್ಟು ಹೊಂದುವ ದಾರಿ ಬೇರೊಂದು ನನಗೆ ಕಂಡಿಲ್ಲ. ಯಾದಗಿರಿಯ ಹಳ್ಳಿಯೊಂದಕ್ಕೆ ವಾರಕ್ಕೆ 40 ಗಂಟೆಯ ತರಬೇತಿ ಎಂದೂ ಬರಲಾರದು.

ಭಾಷೆಯ ಬಗ್ಗೆ ಒಂದು ಮಾತು. ಬೀದರಿನ ಮಗು ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖ್ಖನಿ ಉರ್ದು, ಸೋದರಮಾವನ ಮನೆಯಲ್ಲಿ ಮರಾಠಿಯನ್ನೋ ತೆಲುಗನ್ನೋ ಕೇಳುತ್ತ ಬೆಳೆಯುತ್ತದೆ. ಆಟಿಸಂ ಎಂದು ಗೊತ್ತಾದ ಕೂಡಲೇ, ಗೊಂದಲವಾಗುತ್ತದೆ, ಒಂದೇ ಭಾಷೆ ಆಡಿ, ಸಾಧ್ಯವಿದ್ದರೆ ಇಂಗ್ಲಿಷ್ ಆಡಿ ಎಂಬ ಸಲಹೆ ಸಿಗುವುದುಂಟು. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಇರುವ ಮಕ್ಕಳ ಮಾತು ಒಂದೇ ಭಾಷೆಯವರಿಗಿಂತ ಹಿಂದೆ ಬೀಳುವುದಿಲ್ಲ ಎಂದೇ ಅಧ್ಯಯನಗಳು ಹೇಳುತ್ತಿವೆ. ಅಜ್ಜಿಗೆ ಬಾರದ ಭಾಷೆಯಲ್ಲಿ ಮಗುವನ್ನು ಬೆಳೆಸಿದರೆ ಆ ಮನೆಯಲ್ಲಿ ಅದರೊಂದಿಗೆ ಮಾತಾಡುವವರ ಸಂಖ್ಯೆ ಒಂದು ಕಡಿಮೆಯಾಗುತ್ತದೆ, ಅಷ್ಟೇ.

ತೀರಾ ಎಳೆಯ ವಯಸ್ಸಿನಲ್ಲಿ ನೆರವು ಕೊಟ್ಟರೆ ಆಟಿಸಂ ಬಾರದಂತೆಯೇ ತಡೆಯಬಹುದೇ? 2021ರಲ್ಲಿ ಆಸ್ಟ್ರೇಲಿಯಾದ ಒಂದು ಪ್ರಯೋಗ ಈ ಪ್ರಶ್ನೆಯನ್ನು ಎಬ್ಬಿಸಿತು. ಆಟಿಸಂನ ಆರಂಭದ ಸೂಚನೆಗಳಿದ್ದ ನೂರಕ್ಕೂ ಹೆಚ್ಚು ಶಿಶುಗಳಲ್ಲಿ ಅರ್ಧದಷ್ಟು ಮಂದಿಯ ಪೋಷಕರಿಗೆ ವಿಡಿಯೊ ಮೂಲಕ ‘ಪ್ಯಾಕ್ಟ್’ನಂಥದೇ ತರಬೇತಿ ಕೊಡಲಾಯಿತು. ಮೂರನೆಯ ವಯಸ್ಸಿನಲ್ಲಿ ನೋಡಿದಾಗ ಆ ಗುಂಪಿನ ಶೇ 6.7ರಷ್ಟು ಮಕ್ಕಳು, ಇನ್ನೊಂದು ಗುಂಪಿನ ಶೇ 20.5ರಷ್ಟು ಮಕ್ಕಳು ಆಟಿಸಂ ಎಂಬ ನಿರ್ಣಯಕ್ಕೆ ಒಳಪಟ್ಟರು. ಚಿಕಿತ್ಸೆಯ ಪಕ್ಷದವರಿಗೆ ಇದು ಗೆಲುವಾಗಿ ಕಂಡಿತು. ಆದರೆ ಅಲ್ಲಿ ಬದಲಾದದ್ದು ಮಗುವಿನ ಮಿದುಳೋ, ಮಗುವಿನ ಸುತ್ತಲಿನವರ ನಡವಳಿಕೆಯೋ? ಸುತ್ತಲಿನವರು ಬೇಗ ಅರ್ಥ ಮಾಡಿಕೊಂಡುದರಿಂದ ಕಷ್ಟ ಕಡಿಮೆಯಾಗಿ, ನಿರ್ಣಯದ ಗೆರೆಯನ್ನು ಮಗು ದಾಟಲಿಲ್ಲವೆಂದಾದರೆ, ಅದು ಎರಡನೆಯ ಪಕ್ಷದ ವಾದಕ್ಕೇ ಹತ್ತಿರದ ಮಾತು. ನನ್ನ ಓದಿನಲ್ಲಿ ಎರಡೂ ಪಕ್ಷಗಳು ಕೈಕುಲುಕಬಹುದಾದ ಜಾಗ ಇದೊಂದೇ, ಅಲ್ಲಿಯೂ ಅವು ಜಗಳವನ್ನೇ ಆರಿಸಿಕೊಂಡಿವೆ.

ಮಾರುವವರು

ವಿದ್ವಾಂಸರ ವಾದ ಹೀಗೆ ನಡೆಯುತ್ತಿರುವಾಗ ನಮ್ಮ ಕಡೆಯ ಪೋಷಕರು ರೈಲು ಹತ್ತಿ ಹೈದರಾಬಾದಿಗೂ ಸೊಲ್ಲಾಪುರಕ್ಕೂ ಓಡಾಡುತ್ತಿರುತ್ತಾರೆ. ದರ್ಗಾದ ತಾಯಿತ, ಶರಣಬಸವೇಶ್ವರನ ಹರಕೆಗಳ ಬಗ್ಗೆ ನನಗೆ ತಕರಾರಿಲ್ಲ, ಅವು ಹೊಲ ಮಾರಿಸುವುದಿಲ್ಲ. ಹೊಲ ಮಾರಿಸುವಂಥವು ಬೇರೆ ಇವೆ. ಮಗುವಿನ ಬೆನ್ನಿಗೆ ಸೂಜಿ ಚುಚ್ಚಿ ಕಾಂಡಕೋಶ (ಸ್ಟೆಮ್ ಸೆಲ್) ಸೇರಿಸುತ್ತೇವೆ, ಆಟಿಸಂ ಗುಣವಾಗುತ್ತದೆ ಎಂದು ಲಕ್ಷಾಂತರ ರೂಪಾಯಿ ಕೇಳುವ ವ್ಯಾಪಾರ ಅಂಥದು. ರಕ್ತದ ಕಾಯಿಲೆಗಳಂಥ ಕೆಲವನ್ನು ಬಿಟ್ಟರೆ, ಅನುಮೋದಿತ ಪ್ರಯೋಗದ ಹೊರಗೆ ಕಾಂಡಕೋಶ ಚಿಕಿತ್ಸೆ ಕೊಡಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಆಟಿಸಂಗೆ ಇದನ್ನು ಚಿಕಿತ್ಸೆಯೆಂದು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತೆ ಮಂಡಳಿಯೂ 2022ರಲ್ಲಿ ಹೇಳಿತು. ದೇಹದಿಂದ ಲೋಹ ತೆಗೆಯುತ್ತೇವೆ ಎಂಬ ಇನ್ನೊಂದು ಚಿಕಿತ್ಸೆಯಿಂದ 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಬಾಲಕನೊಬ್ಬ ಸತ್ತೇ ಹೋದ.

ಇಷ್ಟಾದರೂ, ನಮ್ಮ ಮಗುವಿಗೆ ಇದರಿಂದ ಗುಣ ಕಂಡಿತು ಎನ್ನುವ ಪೋಷಕರು ಏಕೆ ಸಿಗುತ್ತಾರೆ? ಅವರು ಸುಳ್ಳು ಹೇಳುತ್ತಿಲ್ಲ. 1990ರ ದಶಕದ ಕೊನೆಯಲ್ಲಿ ಸೆಕ್ರೆಟಿನ್ ಎಂಬ ಹಾರ್ಮೋನಿನ ಚುಚ್ಚುಮದ್ದು ಆಟಿಸಂಗೆ ಪವಾಡವೆಂದು ಸುದ್ದಿಯಾಯಿತು. 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅರ್ಧ ಮಕ್ಕಳಿಗೆ ಸೆಕ್ರೆಟಿನ್, ಉಳಿದರ್ಧಕ್ಕೆ ಬರೀ ಉಪ್ಪುನೀರು ಚುಚ್ಚಿದರು. ಯಾರಿಗೆ ಯಾವುದು ಎಂದು ಪೋಷಕರಿಗೆ ತಿಳಿದಿರಲಿಲ್ಲ. ಎರಡೂ ಗುಂಪುಗಳಲ್ಲಿ ಸುಧಾರಣೆ ಕಂಡಿತು, ಮತ್ತು ಅದರಲ್ಲಿ ವ್ಯತ್ಯಾಸವಿರಲಿಲ್ಲ. ಮಕ್ಕಳು ಹೇಗೂ ಬೆಳೆಯುತ್ತಾರೆ. ಆಸೆಯಿಂದ ಕಾಯುವ ಕಣ್ಣು ಆ ಬೆಳವಣಿಗೆಯನ್ನು ಔಷಧದ ಲೆಕ್ಕಕ್ಕೆ ಬರೆಯುತ್ತದೆ. ನನ್ನನ್ನು ಕಾಡಿದ ಸಂಗತಿ ಮುಂದಿನದು. ಫಲಿತಾಂಶವನ್ನು ತಿಳಿಸಿದ ಮೇಲೂ ಆ ಪೋಷಕರಲ್ಲಿ ಶೇ 69ರಷ್ಟು ಮಂದಿ ತಮ್ಮ ಮಗುವಿಗೆ ಸೆಕ್ರೆಟಿನ್ ಕೊಡಿಸಲು ಆಸಕ್ತಿ ಉಳಿಸಿಕೊಂಡಿದ್ದರು.

ಕಾಯಿಲೆಯಲ್ಲ, ಆದರೆ ಅಂಗವೈಕಲ್ಯ

ಆಟಿಸಂ ಒಂದು ಭಿನ್ನತೆ ಮಾತ್ರ ಎಂದು ಒಪ್ಪಿದರೆ ಸರ್ಕಾರದ ನೆರವು ಕೇಳುವುದು ಹೇಗೆ ಎಂಬ ಪ್ರಶ್ನೆ ನಮ್ಮಲ್ಲಿ ಬರುತ್ತದೆ. ಕಾನೂನು ಇದಕ್ಕೆ ಒಂದು ದಾರಿ ತೋರಿಸಿದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಸೇರಿಸಿತು, 2016ರ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಕಾಯಿಲೆಯಾದರೆ ವಾಸಿಯಾಗಬೇಕು, ಅಂಗವೈಕಲ್ಯವಾದರೆ ವಾಸಿಯಾಗುವ ಷರತ್ತಿಲ್ಲದೆ ಶಾಲೆ, ಬಸ್ ಪಾಸು, ಮಾಸಾಶನ, ‘ನಿರಾಮಯ’ ಯೋಜನೆಯ 1 ಲಕ್ಷ ರೂಪಾಯಿಯ ಆರೋಗ್ಯ ವಿಮೆಗಳನ್ನು ಕೇಳಬಹುದು. ಆದರೂ ಯುಡಿಐಡಿ ಎಂಬ ಅಂಗವೈಕಲ್ಯದ ಗುರುತಿನ ಕಾರ್ಡು ಮಾಡಿಸಲು ಹಿಂಜರಿಯುವ ಮನೆಗಳು ಬಹಳ. ಅಣ್ಣನೂ ನಾಲ್ಕು ವರ್ಷ ಮುಂದೂಡಿದ. ಮಗಳ ಲಗ್ನದ ಮಾತು ಬಂದಾಗ ಮನೆಯಲ್ಲಿ ಅಂಥದೊಂದು ಕಾರ್ಡು ಇರಬಾರದು ಎಂಬುದು ಅವನ ಲೆಕ್ಕವಾಗಿತ್ತು, ಆಗ ಮಗಳಿಗೆ ಒಂಬತ್ತು ವರ್ಷ.

ಇನ್ನೆರಡು ವರ್ಷಕ್ಕೆ ಹುಡುಗನಿಗೆ 18 ತುಂಬುತ್ತದೆ. ಅಲ್ಲಿಗೆ ತಂದೆತಾಯಿ ತಾವಾಗಿಯೇ ಅವನ ಪರವಾಗಿ ಸಹಿ ಹಾಕುವ ಕಾನೂನಿನ ಅಧಿಕಾರ ಮುಗಿಯುತ್ತದೆ. 1999ರ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. 2016ರ ಕಾಯ್ದೆ ಅದನ್ನು ಬಿಗಿಮಾಡಿ, ಎಲ್ಲವನ್ನೂ ಪೋಷಕರೇ ತೀರ್ಮಾನಿಸುವ ಬದಲು, ಬೇಕಾದ ವಿಷಯಗಳಿಗೆ ಮಾತ್ರ, ಅವನೊಂದಿಗೆ ಕೂಡಿ ತೀರ್ಮಾನಿಸುವ ಸೀಮಿತ ಪೋಷಕತ್ವದ ಮಾತಾಡುತ್ತದೆ. ಹಾಗಾದರೆ ಯಾವ ವಿಷಯಗಳನ್ನು ಅವನೇ ತೀರ್ಮಾನಿಸಬಲ್ಲ? ಒಂದು ಸಂಜೆ ಅಣ್ಣ, ಅತ್ತಿಗೆ, ನಾನು ಕುಳಿತು ಹಾಳೆಯ ನಡುವೆ ಗೆರೆ ಎಳೆದೆವು. ಬಲಗಡೆ ಬ್ಯಾಂಕು, ಜಮೀನು, ಆಪರೇಷನ್ ಎಂದು ಬರೆದು ನಿಂತೆವು. ಎಡಗಡೆ, ಏನು ಉಣ್ಣಬೇಕು, ಯಾವ ಅಂಗಿ ತೊಡಬೇಕು, ಜಾತ್ರೆಗೆ ಬರಬೇಕೋ ಬೇಡವೋ, ಯಾರ ಪಕ್ಕ ಮಲಗಬೇಕು, ಯಾರು ತಲೆ ಕತ್ತರಿಸಬೇಕು, ಯಾವಾಗ ಸಾಕು ಎಂದು ಬರೆಯುತ್ತ ಹೋದೆವು. ಹಾಳೆಯ ಹಿಂಬದಿಗೂ ಆ ಪಟ್ಟಿ ಹೋಗಿದೆ.